ವ್ಯಾಧಿಕಾಲದ ಅಂತರ ವಿಚಾರ
(ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ಎರಡು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಯಿತು. ಶಾಸ್ತ್ರವಿಚಾರಕ್ಕೆ ಸಮರ್ಥರಾದವರು ಇಲ್ಲಿ ಅನೇಕರಿರುವುದರಿಂದ, ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನೇ ತಮ್ಮ ಮುಂದಿಡುವುದು ಲೇಸೆಂದು ತೋರಿತು. ಕಾರವಾರದ ದಕ್ಷಿಣಕ್ಕೆ, ಗುಡ್ಡಕ್ಕೂ ಕಡಲಿಗೂ ನಡುವೆ ಹೆದ್ದಾರಿಯನ್ನು ಹಿಡಿದು ಹಬ್ಬಿರುವ ಬಿಣಗಾ ನಾನು ವಾಸಮಾಡುವ ಊರು. 2020ನೆಯ ಇಸವಿಯ ಮಾರ್ಚ್ 25ರಿಂದ ಮೇ 31ರ ವರೆಗೆ, ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲಿಕ್ಕಿಕೊಂಡಿದ್ದ ಕಾಲದ ಮಾತಿದು.

ಮನೆಯಲ್ಲಿಯೇ ಇರಬೇಕೆಂಬುದು ಆಗಿನ ಆಜ್ಞೆ. ಆಜ್ಞೆ ಎಲ್ಲರಿಗೂ ಒಂದೇ ಆಗಿದ್ದಿತು. ಮನೆ ಒಂದೇ ಆಗಿರಲಿಲ್ಲ. ತಿಂಗಳ ಸಂಬಳದ ಉಪಾಧ್ಯಾಯನಾದ ನನಗೆ ಕೋಣೆಗಳಿದ್ದವು, ಹಿತ್ತಲಲ್ಲಿ ಬಾವಿಯಿದ್ದಿತು, ಸಂಬಳವೂ ಬರುತ್ತಿದ್ದಿತು. ಕಡಲಿಗಿಳಿದ ದಿನವಷ್ಟೇ ಕಾಸು ಕಾಣುವವರಿಗೆ ಮನೆಯೆಂದರೆ ರಾತ್ರಿ ಮಲಗುವ ಒಂದು ಮಾಡು. ಕಾರವಾರ ಅಂಕೋಲೆಗಳ ನಡುವೆ ನೌಕಾನೆಲೆಯಾದಾಗ ಕರೆಯನ್ನು ಬಿಟ್ಟೆದ್ದು ಪುನರ್ವಸತಿಯ ನಿವೇಶನಗಳಿಗೆ ಬಂದ ಕುಟುಂಬಗಳೂ ಅವರಲ್ಲಿವೆ. ಏಪ್ರಿಲ್ 10ರಂದು ಕೇಂದ್ರ ಸರಕಾರವು ಮೀನುಗಾರಿಕೆಗೆ ವಿನಾಯಿತಿಯನ್ನೇನೋ ಕೊಟ್ಟಿತು. ಆದರೆ ದೋಣಿಯೊಂದಕ್ಕೇ ಅಪ್ಪಣೆಯಾದರೆ ಸಾಲದು. ಮಂಜುಗಡ್ಡೆ ಬೇಕು, ಕೊಳ್ಳುವವರು ಬೇಕು, ಬುಟ್ಟಿ ಹೊತ್ತ ಹೆಂಗಸರಿಗೆ ಬಸ್ಸು ಬೇಕು. ಮೀನು ಕಾಯುವ ಸರಕಲ್ಲ. ಜೂನ್ 15ಕ್ಕೆ ಮಳೆಗಾಲದ ನಿಷೇಧವೂ ಬಂದಿತು.

ಮಠದ ವೇದಿಕೆಯಲ್ಲಿ ಮೀನಿನ ಮಾತೆತ್ತಿದೆನೆಂದು ತಾವು ಮುನಿಯಲಾಗದು. ಅಂಬಿಗರ ಚೌಡಯ್ಯನವರನ್ನು ಶರಣರೆಂದು ಕೈಮುಗಿಯುವವರು ನಾವು. ಅದೂ ಅಲ್ಲದೆ, ಆ ದಿನಗಳಲ್ಲಿ ಗೋವೆಯಲ್ಲಿ ಕೆಲಸವಿಲ್ಲದೆ ಸಿಕ್ಕಿಬಿದ್ದವರಲ್ಲಿ ವಿಜಯಪುರ, ಬಾಗಲಕೋಟೆ, ಗದಗು ಸೀಮೆಗಳ ಕೂಲಿಕಾರರೂ ಇದ್ದರು. ತಮ್ಮಲ್ಲಿ ಕೆಲವರ ಊರಿನವರೇ ಇದ್ದಿರಬಹುದು.

ಆಗ ಎಲ್ಲರ ಬಾಯಲ್ಲಿಯೂ ‘ಸಾಮಾಜಿಕ ಅಂತರ’ ಎಂಬ ಮಾತು. ಈ ಪದವು ವೈದ್ಯರಲ್ಲಿ ಹುಟ್ಟಿದುದಲ್ಲ. ಅಮೇರಿಕೆಯ ಬೊಗಾರ್ಡಸ್ ಎಂಬ ಸಮಾಜಶಾಸ್ತ್ರಜ್ಞರು 1925ರಲ್ಲಿ ಇದಕ್ಕೊಂದು ಅಳತೆಗೋಲನ್ನೇ ಮಾಡಿದ್ದರು: ಪರಜನಾಂಗದವನನ್ನು ನೀನು ಬಂಧುವಾಗಿ ಒಪ್ಪುವೆಯಾ, ನೆರೆಯವನಾಗಿ ಒಪ್ಪುವೆಯಾ ಎಂದು ಕೇಳುತ್ತ ಹೋಗುವುದು ಅದರ ಕ್ರಮ. ಅಂದರೆ ಅದು ಮೊಳದ ಲೆಕ್ಕವಲ್ಲ, ಮನಸ್ಸಿನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚಿಯಲ್ಲಿಯೇ ‘ದೈಹಿಕ ಅಂತರ’ವೆನ್ನುವುದು ಮೇಲೆಂದು ತಿದ್ದಿತು, ನಮ್ಮಲ್ಲಿ ಹಳೆಯ ಮಾತೇ ನಿಂತಿತು. ನಿಲ್ಲದೆ ಏನು? ನಮಗದು ಅಪರಿಚಿತವಾಗಿರಲಿಲ್ಲವಷ್ಟೆ. ಮೇರಿ ಡಗ್ಲಸ್ ಎಂಬ ಆಂಗ್ಲ ವಿದುಷಿ 1966ರಲ್ಲಿ ಶುದ್ಧಾಶುದ್ಧಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಮೈಲಿಗೆಯೆಂಬುದು ವಸ್ತುವಿನಲ್ಲಿಲ್ಲ, ನಾವು ಗೊತ್ತುಮಾಡಿದ ಎಡೆಯನ್ನು ಅದು ತಪ್ಪಿದುದರಲ್ಲಿದೆ ಎಂದು ತೋರಿಸಿದ್ದಾರೆ. ರೋಗಾಣು ದಿಟವಾದುದು, ದೂರ ನಿಲ್ಲಬೇಕಾದುದೂ ದಿಟ. ಆದರೆ ಯಾರು ದೂರ ನಿಲ್ಲಬೇಕೆಂಬುದನ್ನು ಗೊತ್ತುಮಾಡಿದುದು ರೋಗಾಣುವಲ್ಲ.

ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ಅಂಕೋಲೆಯ ಕಡೆಯಿಂದ ಹಾಲಕ್ಕಿ ಒಕ್ಕಲಿನ ಹೆಂಗಸೊಬ್ಬಳು, ಕೊರಳ ತುಂಬ ಮಣಿಸರಗಳನ್ನು ಧರಿಸಿದವಳು, ಹರಿವೆ ಬಸಳೆಗಳನ್ನು ಹೊತ್ತು ಬಹುಕಾಲದಿಂದ ಬರುತ್ತಿದ್ದಳು. ಬೇಸಿಗೆಯಲ್ಲಿ ಕರಿ ಇಷಾಡ ಮಾವನ್ನು ತರುವಳು. ನಮ್ಮ ಜಗಲಿಯ ಮೇಲೆ ಬುಟ್ಟಿಯಿಳಿಸಿ, ನೀರು ಕುಡಿದು, ದಣಿವಾರಿಸಿಕೊಂಡು ಹೋಗುವುದು ವಾಡಿಕೆ. ಆ ವರ್ಷ ಮಾವು ಹಣ್ಣಾಗುವ ಹೊತ್ತಿಗೆ ಬಸ್ಸಿರಲಿಲ್ಲ, ಆಕೆ ಬರಲಿಲ್ಲ. ಹಣ್ಣು ಮರದಡಿಯಲ್ಲಿಯೇ ಕೊಳೆಯಿತೆಂದು ಬಳಿಕ ತಿಳಿಯಿತು. ಆ ತಿಂಗಳುಗಳಲ್ಲಿ ಆಕೆ ಏನನ್ನುಂಡಳೆಂದು ನಾನು ಕೇಳಿದವನಲ್ಲ. ಜೂನಿನಲ್ಲಿ ಬಂದಾಗ ಗೇಟಿನ ಹೊರಗೇ ನಿಲ್ಲೆಂದು ನಾನೇ ಹೇಳಿದೆನು. ಅದೇ ವಾರ ಪೇಟೆಯ ಗೆಳೆಯರೊಬ್ಬರು ಬಂದರು. ಅವರನ್ನು ಒಳಗೆ ಕರೆದು ಚಹಾ ಕೊಟ್ಟೆವು. ಇಬ್ಬರ ಉಸಿರಿನಲ್ಲಿಯೂ ಭೇದವಿದ್ದಿತೇ?

ಆ ಬಳಿಕವೇ ಇನ್ನೊಂದು ನನ್ನ ಕಣ್ಣಿಗೆ ಬಿದ್ದುದು: ಆಕೆಗೆ ನೀರು ಕೊಡುತ್ತಿದ್ದ ತಂಬಿಗೆ ಮೊದಲಿನಿಂದಲೂ ಬೇರೆಯೇ ಇದ್ದಿತು. ಜಗಲಿಯ ಮೂಲೆಯಲ್ಲಿ ಬೋರಲಾಗಿ ಇರುತ್ತಿದ್ದಿತು. ಯಾರು ಹಾಗಿಟ್ಟರೋ, ಎಂದು ಇಟ್ಟರೋ, ಮನೆಯಲ್ಲಿ ಯಾರಿಗೂ ನೆನಪಿಲ್ಲ. ಕುಲವನ್ನು ಕೇಳಬಾರದೆಂಬ ಪರಂಪರೆಯಲ್ಲಿ ಹುಟ್ಟಿ, ಕೊರಳಲ್ಲಿ ಲಿಂಗವನ್ನು ಧರಿಸಿದವನ ಮನೆಯಿದು.

ನಿರ್ಬಂಧಗಳೆಲ್ಲ ತೆಗೆದು ವರ್ಷಗಳಾದವು. ಪೇಟೆ ತೆರೆಯಿತು, ಶಾಲೆ ತೆರೆಯಿತು, ಮಠದ ಪಂಕ್ತಿಯೂ ಮೊದಲಿನಂತಾಯಿತು. ಆ ತಂಬಿಗೆಯನ್ನು ನನ್ನ ಮನೆಯವರು ಅಡಿಗೆಮನೆಯ ಪಾತ್ರೆಗಳೊಳಗೆ ಸೇರಿಸಿದರು. ಆಕೆ ಈಗಲೂ ಬರುತ್ತಾಳೆ. ಮೊನ್ನೆ ಮನೆಯವರು, “ಬಾರವ್ವಾ, ಜಗಲಿ ಮ್ಯಾಲೆ ಕೂಡು” ಎಂದು ಕರೆದರು. ಬುಟ್ಟಿಯನ್ನು ಗೇಟಿನ ಬಳಿಯ ಕಲ್ಲಿನ ಮೇಲಿಟ್ಟು ಆಕೆ ಹೇಳಿದಳು: “ಇಲ್ಲೇ ಸಾಕ್ರಾ ಅಮ್ಮಾ. ರೂಢಿ ಆಗದೆ.”