ತೊಟ್ಟಿಲಿಗೆ ದೊಡ್ಡದು, ಆಸನಕ್ಕೆ ಚಿಕ್ಕದು

ವಿಮಾನ ಹೊರಡುವ ಮೊದಲು ಪರಿಚಾರಿಕೆಯರು ಹೇಳುವ ಮಾತುಗಳಲ್ಲಿ ನಮ್ಮ ಮನೆಗಳ ಹೆಂಗಸರಿಗೆ ಸುಲಭವಾಗಿ ಒಪ್ಪಿಗೆಯಾಗದ ಮಾತೊಂದಿದೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ತಲೆಯ ಮೇಲಿನಿಂದ ಆಮ್ಲಜನಕದ ಮುಖಗವಸು ಇಳಿದು ಬರುತ್ತದೆ. ಅದನ್ನು ಮೊದಲು ನೀವು ಧರಿಸಿ, ಆಮೇಲೆ ಮಗುವಿಗೆ ತೊಡಿಸಿ ಎಂಬುದೇ ಆ ಮಾತು. ಮಗುವಿಗೆ ಉಣಿಸದೆ ತಾನು ತುತ್ತೆತ್ತದ ತಾಯಿಗೆ ಇದು ನಿಷ್ಕರುಣೆಯ ಮಾತಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಆದರೆ 35,000 ಅಡಿ ಎತ್ತರದ ತೆಳುಗಾಳಿಯಲ್ಲಿ ದೊಡ್ಡವರ ಎಚ್ಚರವೂ ಒಂದು ನಿಮಿಷದಷ್ಟು ನಿಲ್ಲುವುದೇ ಕಷ್ಟ. ಕೈಕಾಲು ಬಡಿಯುವ ಮಗುವಿನೊಡನೆ ಹೆಣಗುತ್ತ ತಾಯಿಯೇ ಎಚ್ಚರ ತಪ್ಪಿದರೆ ಇಬ್ಬರಿಗೂ ದಿಕ್ಕಿಲ್ಲ. ಮಗು ಉಳಿಯಬೇಕಾದರೆ ಮಗುವನ್ನು ಹೊತ್ತವರು ಮೊದಲು ಉಳಿಯಬೇಕು. ಅಪಾಯದ ಗಳಿಗೆಗೆಂದು ಹೇಳಿದ ಈ ನಿಯಮ, ಎಳೆಯ ಮಗುವಿನೊಡನೆ ಮಾಡುವ ಇಡೀ ಪ್ರಯಾಣಕ್ಕೂ ಸಲ್ಲುತ್ತದೆಂಬುದು ನನ್ನ ಎಣಿಕೆ.

ಕೇಳುಗರೆ, ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಿಗೆ ಇಂಥ ಪ್ರಯಾಣ ಈಗ ಹೊಸತಲ್ಲ. ಮಗಳ ಬಾಣಂತನಕ್ಕೆಂದು ಅಜ್ಜಿ ಕಡಲಾಚೆಗೆ ಹೋಗಿಬರುತ್ತಾರೆ. ವರ್ಷ, ಒಂದೂವರೆ ವರ್ಷ ಕಳೆದ ಮೇಲೆ ಮಗು ತಾಯಿಯ ತೋಳಿನಲ್ಲಿ ಅಜ್ಜಿಯ ಮನೆಗೆ ಬರುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರು ತಲುಪಿತು. ಅದನ್ನು ನಡೆಸಿದ ಚಾಲಕರೆಲ್ಲರೂ ಮಹಿಳೆಯರು. ಹಿಡಿದ ಕಾಲ ಸುಮಾರು 17 ಗಂಟೆ. ಭೂಮಿಯ ಮತ್ತೊಂದು ಮಗ್ಗುಲಿಂದ ಒಂದೇ ನೆಗೆತಕ್ಕೆ ಊರು ಸೇರುವುದು ಸಾಮಾನ್ಯ ಸಾಧನೆಯಲ್ಲ. ಆದರೆ ನಡೆಯಲು ಆಗತಾನೆ ಕಲಿತ ಕಾಲುಗಳಿಗೆ ಅಷ್ಟು ಗಂಟೆಗಳ ಕಟ್ಟು ಎಂಥದೆಂಬುದನ್ನು ಗಡಿಯಾರ ಹೇಳಲಾರದು.

ವಿಮಾನದಲ್ಲಿ ಈ ವಯಸ್ಸಿನ ಮಗುವಿನ ಸ್ಥಾನ ವಿಚಿತ್ರವಾದದ್ದು. ಎರಡು ವರ್ಷ ತುಂಬುವವರೆಗೆ ಅದು ದೊಡ್ಡವರ ಮಡಿಲಲ್ಲೇ ಕುಳಿತು ಹೋಗಬಹುದು. ತುಂಬಿದ ಮೇಲೆ ಅದಕ್ಕೆ ಬೇರೆ ಆಸನ ಬೇಕು. ದೂರದ ವಿಮಾನಗಳಲ್ಲಿ ಮುಂದಿನ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು ಇರುತ್ತದೆ, ನಿಜ. ಆದರೆ ಅದು ಇಂತಿಷ್ಟು ತೂಕದ ಹಸುಗೂಸುಗಳಿಗೆ ಮಾತ್ರ. ಒಂದೂವರೆ ವರ್ಷದ ಮಗು ತೊಟ್ಟಿಲಿಗೆ ದೊಡ್ಡದು, ಆಸನಕ್ಕೆ ಚಿಕ್ಕದು. ಉಳಿದದ್ದು ಒಂದೇ ಮಡಿಲು. ಓಡಬೇಕು, ಎಳೆಯಬೇಕು, ಎಸೆಯಬೇಕು ಎಂದು ಮೈಯೆಲ್ಲ ತುಡಿಯುವ ಕಾಲದಲ್ಲಿ ಅದು ಪಟ್ಟಿ ಬಿಗಿದುಕೊಂಡು ಕೂರಬೇಕು.

ನಮ್ಮ ಬಡಾವಣೆಗಳ ವಠಾರಗಳಲ್ಲಿ ಬೆಳೆದ ಮಕ್ಕಳಿಗೆ ಮಡಿಲುಗಳಿಗೆ ಬರವಿರಲಿಲ್ಲ. ತಾಯಿ ಒಲೆಯ ಮುಂದಿದ್ದರೆ ಪಕ್ಕದ ಮನೆಯವರ ಸೊಂಟ, ಅವರೂ ನೀರಿಗೆ ಹೋದರೆ ಜಗಲಿಯ ಮೇಲಿನ ತಾತನ ತೊಡೆ. ಮೈಸೂರಿನ ರೈಲಿನಲ್ಲೂ ಹಾಗೆಯೇ: ಅಳುವ ಮಗು ಎದುರು ಕುಳಿತವರ ಕೈಗೆ ದಾಟಿ, ಕಿಟಕಿಯ ಹೊರಗಿನ ಹಸು, ಎಮ್ಮೆಗಳನ್ನು ನೋಡಿ ಸಮಾಧಾನಗೊಳ್ಳುತ್ತಿತ್ತು. ಮಕ್ಕಳು ಆಗಲೂ ಅಳುತ್ತಿದ್ದರು. ಅಳುವನ್ನು ಹಂಚಿಕೊಳ್ಳುವವರು ಹೆಚ್ಚಿದ್ದರು, ಅಷ್ಟೆ. ವಿಮಾನದಲ್ಲಿ ಆ ಹೊರೆಯೆಲ್ಲ ಒಬ್ಬಳ ಮೇಲೆಯೇ ಬೀಳುತ್ತದೆ.

ಅಷ್ಟಕ್ಕೂ ಆ ಅಳು ಹಟವೇ ಆಗಬೇಕೆಂದಿಲ್ಲ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ವಿಮಾನ ಇಳಿಯುವಾಗ ಒತ್ತಡ ಮತ್ತೆ ಏರಿ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಕಿವಿಯ ಒಳಭಾಗವನ್ನು ಗಂಟಲಿಗೆ ಸೇರಿಸುವ ಸಣ್ಣ ನಾಳವೊಂದು ತೆರೆದುಕೊಂಡರೆ ಎರಡು ಕಡೆಯ ಒತ್ತಡ ಸಮವಾಗುತ್ತದೆ. ಮಕ್ಕಳಲ್ಲಿ ಆ ನಾಳ ಕಿರಿದು, ಹೆಚ್ಚು ಅಡ್ಡಡ್ಡವಾಗಿರುತ್ತದೆ, ಬೇಗ ತೆರೆಯದು. ನುಂಗಿದಾಗ, ಆಕಳಿಸಿದಾಗ ಅದು ತೆರೆದುಕೊಳ್ಳುತ್ತದೆ. ಆದ್ದರಿಂದ ವಿಮಾನ ಇಳಿಯತೊಡಗಿದಾಗ ಮಗುವಿಗೆ ಎದೆಹಾಲನ್ನೋ ನೀರನ್ನೋ ಗುಟುಕು ಗುಟುಕಾಗಿ ಕೊಡಬೇಕು. ನಿದ್ದೆಯಲ್ಲಿ ನುಂಗುವುದು ಕಡಿಮೆಯಾದ್ದರಿಂದ, ಮಲಗಿದ್ದರೆ ಎಬ್ಬಿಸಿ ಕೊಡುವುದೇ ಲೇಸು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿಗೆ ಇಳಿಯುವಾಗ ಈ ಏರುಪೇರು ಕಡಿಮೆ. ಮುಂಬಯಿಗೋ ಸ್ಯಾನ್ ಫ್ರಾನ್ಸಿಸ್ಕೋಗೋ ಇಳಿಯುವಾಗ ಹೆಚ್ಚು. ಅಜ್ಜಿಯ ಊರು ಮೊಮ್ಮಗುವಿನ ಕಿವಿಗೂ ಅಷ್ಟರಮಟ್ಟಿಗೆ ಒಲಿದಿದೆ. ಆದರೆ ನೆಗಡಿಯಾದ ಮಗುವಿಗೆ ಎಲ್ಲಿ ಇಳಿದರೂ ನೋವು ಹೆಚ್ಚು. ಅಂಥ ಮಗುವನ್ನು ಹೊರಡಿಸುವ ಮೊದಲು ವೈದ್ಯರನ್ನು ಕೇಳಬೇಕು.

ಕೆಲವರು ಮಗು ಮಲಗಲೆಂದು ಕೆಮ್ಮು ನೆಗಡಿಯ ಔಷಧ ಕುಡಿಸುವುದುಂಟು. ವೈದ್ಯರನ್ನು ಕೇಳದೆ ಇದನ್ನು ಮಾಡಲೇಬಾರದು. ಕೆಲವು ಮಕ್ಕಳಿಗೆ ಇಂಥ ಔಷಧದಿಂದ ನಿದ್ದೆಯ ಬದಲು ಉದ್ರೇಕವೇ ಉಂಟಾಗುತ್ತದೆ. ಅಳತೆ ತಪ್ಪಿದರೆ ಉಸಿರಿಗೇ ಕುತ್ತು. ಇನ್ನು ಮಗುವಿನ ಹಾಲಿನ ವಿಷಯ. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವ ಕೂಡದೆಂಬ ಕಟ್ಟುಪಾಡು 2006ರ ನಂತರ ಅನೇಕ ದೇಶಗಳಲ್ಲಿ ಬಂತು. ಪ್ರಯಾಣಕ್ಕೆ ಬೇಕಾದಷ್ಟು ಮಗುವಿನ ಹಾಲಿಗೆ ಅದರಿಂದ ವಿನಾಯಿತಿ ಇದೆ. ತಪಾಸಣೆಯಲ್ಲಿ ಅದನ್ನು ಬೇರೆಯಾಗಿ ತೆಗೆದು ತೋರಿಸಿದರಾಯಿತು.

ಪ್ರಯಾಣ ಮುಗಿದರೂ ಮಗುವಿನ ಒಳಗಡಿಯಾರ ಮುಗಿಸಿರುವುದಿಲ್ಲ. ಕ್ಯಾಲಿಫೋರ್ನಿಯಕ್ಕೂ ನಮಗೂ ಇರುವ ಅಂತರ ಋತುವಿಗನುಸಾರವಾಗಿ ಹನ್ನೆರಡೂವರೆ ಇಲ್ಲವೆ ಹದಿಮೂರೂವರೆ ಗಂಟೆ. ಹಗಲು ಸರಿಯಾಗಿ ಇರುಳಾಗುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ನಡುಮನೆಯಲ್ಲಿ ಪಾತ್ರೆ ಬಡಿಯುವ ಮಗುವಿಗೆ ಅಜ್ಜಿ ದೃಷ್ಟಿ ನಿವಾಳಿಸಿದರೆ ತಪ್ಪೇನಿಲ್ಲ. ಜೊತೆಗೆ ಬೆಳಗಿನ ಹೊತ್ತು ಅದನ್ನು ಅಂಗಳದ ಬಿಸಿಲಿಗೆ ಕರೆದೊಯ್ಯಲಿ. ಒಳಗಡಿಯಾರವನ್ನು ತಿರುಗಿಸುವ ಕೈ ಮುಖ್ಯವಾಗಿ ಬೆಳಕಿನದು. ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬೇಕಾದೀತು. ಅಷ್ಟು ದಿನ ನೆಂಟರಿಷ್ಟರ ಕರೆಗಳನ್ನು ತಡೆಹಿಡಿದು, ಮಗಳನ್ನೂ ಹಗಲು ಒಂದು ಹೊತ್ತು ಮಲಗಗೊಡುವುದು ತವರಿನವರು ಮಾಡಬಹುದಾದ ದೊಡ್ಡ ಉಪಚಾರ.

ಹೊರಡುವ ದಿನವೂ ಅಷ್ಟೆ. ನಗರದ ವಿಮಾನಗಳು 2008ರ ಮೇ ತಿಂಗಳಲ್ಲಿ ಹಳೆಯ ನಿಲ್ದಾಣದಿಂದ ದೇವನಹಳ್ಳಿಯ ಕಡೆಗೆ ಹೋದವು. ಹೊರದೇಶದ ವಿಮಾನಗಳಲ್ಲಿ ಎಷ್ಟೋ ನಡುರಾತ್ರಿಯ ಮೇಲೆ ಹೊರಡುತ್ತವೆ. ಗಾಂಧಿ ಬಜಾರಿನ ಮನೆಯಿಂದ ರಾತ್ರಿಯೇ ಹೊರಟ ತಾಯಿ, ವಿಮಾನವೇರುವ ಹೊತ್ತಿಗಾಗಲೇ ದಣಿದಿರುತ್ತಾಳೆ. ಅಂಥವಳ ಪಕ್ಕದಲ್ಲಿ ಕುಳಿತವರು ಏನು ಮಾಡಬಹುದು? ಮಗುವನ್ನು ಕೇಳದೆ ಎತ್ತಿಕೊಳ್ಳಬೇಕಿಲ್ಲ. ಕಾಲ ಬದಲಾಗಿದೆ, ಹಾಗೆ ಎತ್ತಿಕೊಳ್ಳುವುದು ಸಲ್ಲದು. ಮೇಲಿನ ಚೀಲವನ್ನು ಇಳಿಸಿಕೊಡಬಹುದು. ಅವಳು ಊಟ ಮುಗಿಸುವವರೆಗೆ ಮಗುವಿನೊಡನೆ ಮುಖ ಮುಚ್ಚಿ ತೆರೆದು ಆಡಬಹುದು. ಕನಿಷ್ಠ, ಮಗು ಅತ್ತಾಗ ತಿರುಗಿ ಹುಬ್ಬು ಗಂಟಿಕ್ಕದೆ ಇರಬಹುದು.

ಎಲ್ಲರ ಕಣ್ಣೂ ತನ್ನ ಮೇಲಿದೆಯೆಂಬ ಅಂಜಿಕೆಯಲ್ಲಿರುವ ತಾಯಿಗೆ, ಪಕ್ಕದವರು ‘ಇರಲಿ ಬಿಡಮ್ಮ, ಮಕ್ಕಳೆಂದರೆ ಹೀಗೆಯೇ, ಮೊದಲು ನೀನು ಊಟ ಮಾಡು’ ಎಂದರೆ ಸಾಕು, ಹಿಡಿದ ಉಸಿರನ್ನು ಅವಳು ಬಿಡುತ್ತಾಳೆ. ಅಷ್ಟು ಹೊತ್ತಾದರೂ ಮಗುವಿಗೆ ಎರಡನೆಯ ಮಡಿಲೊಂದು ದೊರೆತಂತಾಗುತ್ತದೆ.