ಆಟದ ಕಣದಲ್ಲಿ ಎದೆ ನಿಂತಾಗ

(ವಕ್ಕಲೇರಿಯಲ್ಲಿ ಕಬಡ್ಡಿ ಪಂದ್ಯಗಳ ಕೊನೆಯ ದಿನ ಮಾಡಿದ ಭಾಷಣ)



ಬಹುಮಾನ ಹಂಚುವ ವೇಳೆಯಲ್ಲಿ ಸಾವಿನ ಮಾತೆತ್ತುವುದು ಅಪಶಕುನವೆಂದು ಕೆಲವರಿಗೆ ತೋರಬಹುದು. ಆದರೆ ಈ ಊರಿನವರು ಆ ಮಾತಿಗೆ ಹೆದರಬೇಕಾಗಿಲ್ಲ. ನಿಮ್ಮ ಬೆಟ್ಟ ಮಾರ್ಕಂಡೇಶ್ವರನದು. ಹದಿನಾರನೆಯ ವಯಸ್ಸಿಗೆ ಯಮ ಪಾಶ ಹಿಡಿದು ಬಂದಾಗ ಹುಡುಗನು ಲಿಂಗವನ್ನು ತಬ್ಬಿದ ಕೈ ಬಿಡಲಿಲ್ಲವೆಂಬ ಕಥೆಯನ್ನು ಕೇಳುತ್ತ ಬೆಳೆದವರು ನೀವು. ಇಂದು ನಾವು ಹೇಳಬೇಕೆಂದಿರುವುದೂ ಹದಿನಾರು, ಇಪ್ಪತ್ತು, ಮೂವತ್ತರ ಹುಡುಗರ ವಿಚಾರವೇ. ಕೈ ಬಿಡಬಾರದ ಹೊತ್ತಿನಲ್ಲಿ ಸುತ್ತ ನಿಂತವರು ಕೈ ಕಟ್ಟಿಕೊಂಡು ನಿಲ್ಲುವ ವಿಚಾರ.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಬಯಲಿನಲ್ಲಿ, ಜಾತ್ರೆಯ ಮಾರನೆಯ ದಿನ, ನಲವತ್ತು ದಾಟಿದವರ ತಮಾಷೆಯ ಕಬಡ್ಡಿ ಪಂದ್ಯ ನಡೆದಿತ್ತು. ದಿನಸಿ ಅಂಗಡಿಯ ಯಜಮಾನರೊಬ್ಬರು ದಾಳಿಗೆ ಹೋಗಿ, ಗೆರೆ ಮುಟ್ಟಿ, ನಗುತ್ತ ಹಿಂದಿರುಗಿದರು. ನಾಲ್ಕು ಹೆಜ್ಜೆ ನಡೆದು ಕುಸಿದರು. ಅವರನ್ನು ಯಾರೂ ಹಿಡಿದಿರಲಿಲ್ಲ, ತಳ್ಳಿರಲಿಲ್ಲ. ಕೈಕಾಲು ಸ್ವಲ್ಪ ಅದುರಿದವು, ಗಂಟಲಿನಲ್ಲಿ ಗೊರಗೊರ ಶಬ್ದವಾಯಿತು. ಯಾರೋ 'ಮೂರ್ಛೆ' ಎಂದರು. ಒಬ್ಬರು ಸೋಡಾ ತಂದರು. ಮತ್ತೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಕಬ್ಬಿಣ ಕೊಡಿ ಎಂದು ಕೂಗಿದಾಗ ಅವರ ಮುಷ್ಟಿಯಲ್ಲಿ ಬೀಗದ ಕೈ ಇಟ್ಟವರು ನಾವು. ಅದು ನಮ್ಮ ಜೇಬಿನದೇ. ಜೀಪು ಸಿಕ್ಕುವುದಕ್ಕೆ ಹತ್ತು ನಿಮಿಷ, ಆಸ್ಪತ್ರೆಗೆ ಇಪ್ಪತ್ತೈದು ನಿಮಿಷ. ಅಷ್ಟು ಹೊತ್ತೂ ಅವರ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಗಾಲು ಉಜ್ಜುತ್ತಿದ್ದೆವು. ಎದೆಯನ್ನು ಯಾರೂ ಮುಟ್ಟಲಿಲ್ಲ. ಎದೆ ನಿಂತಿತ್ತೆಂದು ನಮಗೆ ಗೊತ್ತಾದದ್ದು ಆಸ್ಪತ್ರೆಯ ಬಾಗಿಲಿನಲ್ಲಿ.

ನಾವು ವೈದ್ಯರಲ್ಲ. ಆ ದಿನದ ನಂತರ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಇದು ಹಳ್ಳಿಯ ಬಯಲಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ೨೦೨೪ರ ಫೆಬ್ರವರಿ ೨೨ರಂದು ಬೆಂಗಳೂರಿನಲ್ಲಿ ಕರ್ನಾಟಕ ಮತ್ತು ತಮಿಳುನಾಡು ತಂಡಗಳ ನಡುವೆ ಕ್ರಿಕೆಟ್ ಪಂದ್ಯವಾಯಿತು. ಕರ್ನಾಟಕ ಒಂದೇ ಓಟದಿಂದ ಗೆದ್ದಿತು. ಗೆದ್ದ ತಂಡದ ಕೆ. ಹೊಯ್ಸಳ, ೩೪ ವರ್ಷದ ಆಟಗಾರ, ಬ್ಯಾಟನ್ನೂ ಹಿಡಿದಿದ್ದ, ಚೆಂಡನ್ನೂ ಎಸೆದಿದ್ದ. ಪಂದ್ಯ ಮುಗಿದ ಮೇಲೆ ಎದೆನೋವು ಕಾಣಿಸಿಕೊಂಡು ಮೈದಾನದಲ್ಲೇ ಕುಸಿದ. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಆಟ ಮುಗಿಯಿತು, ಅಪಾಯ ಮುಗಿಯಿತು ಎಂದು ತಿಳಿಯುವಂತಿಲ್ಲವೆಂಬುದಕ್ಕೆ ಇದೊಂದೇ ಸಾಕು.

ಇದಕ್ಕೆ ಇಪ್ಪತ್ತು ವರ್ಷ ಹಿಂದೆ, ೨೦೦೪ರ ಡಿಸೆಂಬರ್ ೫ರಂದು, ಅದೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫುಟ್‌ಬಾಲಿನ ಅಂತಿಮ ಪಂದ್ಯ. ಗೋವಾದ ಡೆಂಪೊ ತಂಡದ ಪರವಾಗಿ ಆಡುತ್ತಿದ್ದ ಬ್ರೆಜಿಲ್ ದೇಶದ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆದ ಕ್ಷಣದಲ್ಲೇ ಎದುರಾಳಿ ಗೋಲಿಗನಿಗೆ ಡಿಕ್ಕಿಯಾಗಿ ಬಿದ್ದ. ಮತ್ತೆ ಏಳಲಿಲ್ಲ. ಹೃದಯ ನಿಂತದ್ದೇ ಸಾವಿಗೆ ಕಾರಣವೆಂದು ಶವಪರೀಕ್ಷೆ ಹೇಳಿತು. ಮೈದಾನದಲ್ಲಿ ತಕ್ಕ ವೈದ್ಯಕೀಯ ಏರ್ಪಾಡು ಇರಲಿಲ್ಲವೆಂದು ಆಗ ದೊಡ್ಡ ಕೂಗೆದ್ದಿತ್ತು. ಟಿಕೀಟು ಮಾರುವವರಿದ್ದರು, ಜಾಹೀರಾತಿನ ಹಲಗೆ ನಿಲ್ಲಿಸುವವರಿದ್ದರು. ಜೀವ ಹಿಡಿಯುವ ಏರ್ಪಾಡಿನ ವಿಷಯಕ್ಕೆ ಮಾತ್ರ ಆಮೇಲೆ ಚರ್ಚೆ!

ಇನ್ನು ಒಳಗೆ ನಡೆಯುವುದೇನು? ಗಿರಣಿಯಲ್ಲಿ ದುಡಿಯುವವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಪಂಪು ಕೆಡುವುದು ಎರಡು ಬಗೆ. ಕೊಳವೆ ಕಟ್ಟಿಕೊಂಡು ಕೆಡಬಹುದು, ವಿದ್ಯುತ್ತು ಕೆಟ್ಟು ನಿಲ್ಲಬಹುದು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ಅವನು ನೋವೆನ್ನುತ್ತಾನೆ, ಬೆವರುತ್ತಾನೆ, ಮಾತಾಡುತ್ತಾನೆ. ಆಸ್ಪತ್ರೆಗೆ ಒಯ್ಯುವುದಕ್ಕೆ ಸ್ವಲ್ಪ ಹೊತ್ತು ಇರುತ್ತದೆ. ಹೃದಯವನ್ನು ಬಡಿಸುವ ವಿದ್ಯುತ್ತೇ ಅಡ್ಡಾದಿಡ್ಡಿಯಾದರೆ ಅದು ಹೃದಯ ಸ್ತಂಭನ. ಆಗ ಹೃದಯ ಬಡಿಯುವುದಿಲ್ಲ, ಸುಮ್ಮನೆ ನಡುಗುತ್ತದೆ. ರಕ್ತ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ಕ್ಷಣಗಳಲ್ಲಿ ಮನುಷ್ಯ ಮರದ ಕೊರಡಿನಂತೆ ಬೀಳುತ್ತಾನೆ. ಮೊದಲನೆಯದು ಎರಡನೆಯದಕ್ಕೆ ತಿರುಗುವುದೂ ಉಂಟು. ಮೂವತ್ತೈದು ದಾಟಿದವರಲ್ಲಿ ಹೆಚ್ಚಾಗಿ ನಡೆಯುವುದು ಅದೇ.

ಎಳೆಯರಲ್ಲಿ ಕಾರಣ ಬೇರೆ. ಕೆಲವರಿಗೆ ಹುಟ್ಟಿನಿಂದಲೇ ಹೃದಯದ ಸ್ನಾಯು ದಪ್ಪವಾಗುವ ಗುಣವಿರುತ್ತದೆ. ೨೦೦೩ರ ಜೂನ್ ೨೬ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಆಡುತ್ತಾಡುತ್ತ ಬಿದ್ದು ಸತ್ತ ಕ್ಯಾಮರೂನ್ ದೇಶದ ಮಾರ್ಕ್ ವಿವಿಯನ್ ಫೋ ಎಂಬ ೨೮ ವರ್ಷದ ಫುಟ್‌ಬಾಲಿಗನಿಗೆ ಇದ್ದದ್ದು ಇದೇ. ಕೆಲವರಿಗೆ ನಾಳ ಹುಟ್ಟುವ ಜಾಗವೇ ತಪ್ಪಿರುತ್ತದೆ, ಕೆಲವರಿಗೆ ವಿದ್ಯುತ್ತಿನ ದೋಷ. ಜ್ವರ ಬಂದು ಹೃದಯದ ಸ್ನಾಯು ಊದಿಕೊಂಡಿರುವಾಗ ಮೈ ಮುರಿದು ಓಡಿದರೂ ಅಪಾಯ. ಆದ್ದರಿಂದ ಜ್ವರವಿದ್ದರೂ ಬಂದು ಆಡಿದನೆಂದು ಹುಡುಗನನ್ನು ಹೊಗಳಬೇಡಿ, ಮನೆಗೆ ಕಳುಹಿಸಿ. ಯಾವ ರೋಗವೂ ಇಲ್ಲದವನ ಎದೆಗೆ ಸರಿಯಾದ ಜಾಗದಲ್ಲಿ, ಸರಿಯಾದ ಕ್ಷಣದಲ್ಲಿ ಗಟ್ಟಿ ಚೆಂಡು ಬಡಿದರೂ ಹೃದಯ ನಿಲ್ಲುವುದುಂಟು. ಇವೆಲ್ಲ ಅಪರೂಪವೇ, ಸುಮ್ಮನೆ ದಿಗಿಲು ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಆಟ ಬಿಡಿ ಎಂದು ನಾವು ಹೇಳುತ್ತಿಲ್ಲ. ಆಡದೆ ಕುಳಿತವನ ಎದೆಗೆ ಇನ್ನೂ ಹೆಚ್ಚು ರೋಗ. ಅಪರೂಪವಾದರೂ, ಬಿದ್ದವನ ಮನೆಗೆ ಅದು ನೂರಕ್ಕೆ ನೂರು.

ಈಗ ಮುಖ್ಯ ಮಾತು. ಹೃದಯ ನಿಂತ ಮೇಲೆ ಏನೂ ಮಾಡದೆ ಹೋಗುವ ಪ್ರತಿಯೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆಂದು ವೈದ್ಯರ ಲೆಕ್ಕ. ಲೆಕ್ಕ ನೀವೇ ಹಾಕಿ. ಕೋಲಾರದಿಂದ ಆಂಬುಲೆನ್ಸ್ ಎಷ್ಟು ವೇಗವಾಗಿ ಹೊರಟರೂ ಹತ್ತು ನಿಮಿಷದಲ್ಲಿ ವಕ್ಕಲೇರಿ ಮುಟ್ಟುವಂತಿಲ್ಲ. ಹಾಗಾದರೆ ಆ ಹತ್ತು ನಿಮಿಷ ಯಾರದು? ವೈದ್ಯರದಲ್ಲ, ಸರ್ಕಾರದ್ದಲ್ಲ. ಅಂಕಣದ ಗೆರೆಯ ಹೊರಗೆ ನಿಂತವರದು.

ಬಿದ್ದವನು ಕರೆದರೆ ಓಗೊಡದಿದ್ದರೆ, ಉಸಿರು ಸರಿಯಾಗಿ ಆಡದಿದ್ದರೆ, ಹೃದಯ ನಿಂತಿದೆಯೆಂದೇ ತಿಳಿಯಿರಿ. ನಾವು ಮೋಸಹೋದದ್ದು ಇಲ್ಲಿ. ಆ ಗೊರಗೊರ ಶಬ್ದ ಉಸಿರಲ್ಲ, ಆ ಅದುರುವಿಕೆ ಮೂರ್ಛೆರೋಗವಲ್ಲ. ಸಾಯುತ್ತಿರುವ ಮೈಯಲ್ಲಿ ಹೀಗಾಗುವುದುಂಟು. ಬೀಗದ ಕೈ, ಈರುಳ್ಳಿ, ಸೋಡಾ ಯಾವುದೂ ಬೇಡ. ಬಾಯಿಗೆ ನೀರು ಹುಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಬ್ಬರು ೧೦೮ಕ್ಕೆ ಫೋನು ಮಾಡಲಿ. ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅವನನ್ನು ಅಂಗಾತ ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿ, ಎದೆಯ ನಡುಮಧ್ಯದ ಮೂಳೆಯ ಮೇಲೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ, ಮೈಭಾರವನ್ನೆಲ್ಲ ಹಾಕಿ ಒತ್ತಲಿ. ಎರಡು ಇಂಚು ಆಳ. ನಿಮಿಷಕ್ಕೆ ೧೦೦ರಿಂದ ೧೨೦ ಸಾರಿ. ಪ್ರತಿ ಸಾರಿಯೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಇದು ಸುಲಭದ ಕೆಲಸವಲ್ಲ. ಮೂಟೆ ಹೊರುವವನಿಗೂ ಎರಡು ನಿಮಿಷದಲ್ಲಿ ತೋಳು ಸೋಲುತ್ತದೆ. ಆಗ ಮತ್ತೊಬ್ಬರು ಕೈ ಬದಲಾಯಿಸಲಿ, ಒತ್ತುವುದು ಮಾತ್ರ ನಿಲ್ಲಬಾರದು. ಪಕ್ಕೆಲುಬು ಮುರಿದೀತೆಂಬ ಹೆದರಿಕೆ ಬೇಡ. ಮುರಿದ ಎಲುಬು ಕೂಡುತ್ತದೆ.

ಒತ್ತುವುದರಿಂದ ಮಿದುಳಿಗೆ ರಕ್ತ ತಲುಪುತ್ತಿರುತ್ತದೆ, ಅಷ್ಟೆ. ಅಡ್ಡಾದಿಡ್ಡಿಯಾದ ವಿದ್ಯುತ್ತನ್ನು ಹಾದಿಗೆ ತರುವುದಕ್ಕೆ ಒಂದು ಯಂತ್ರವುಂಟು, ಎ.ಇ.ಡಿ. ಎನ್ನುತ್ತಾರೆ. ಕೈಪೆಟ್ಟಿಗೆಯಷ್ಟು ದೊಡ್ಡದು. ಎದೆಯ ಬೆವರನ್ನು ಒರೆಸಿ ಎರಡು ಪಟ್ಟಿ ಅಂಟಿಸಿದರೆ ಅದೇ ಹೃದಯವನ್ನು ಪರೀಕ್ಷಿಸಿ, ಬೇಕಾದರೆ ಮಾತ್ರ ವಿದ್ಯುತ್ತಿನ ಹೊಡೆತ ಕೊಡಿಸುತ್ತದೆ. ಏನು ಮಾಡಬೇಕೆಂದು ಬಾಯಿಬಿಟ್ಟು ಹೇಳುತ್ತದೆ. ಓದು ಬಾರದವರೂ ಬಳಸಬಹುದು.

೨೦೨೧ರ ಜೂನ್ ೧೨ರಂದು ಕೋಪನ್‌ಹೇಗನ್ ನಗರದಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸೆನ್ ಆಟದ ನಡುವೆ ಕುಸಿದುಬಿದ್ದದ್ದನ್ನು ನಿಮ್ಮಲ್ಲಿ ಹಲವರು ಟೆಲಿವಿಷನ್ನಿನಲ್ಲಿ ನೋಡಿರಬಹುದು. ಅಲ್ಲಿಯೇ ಎದೆ ಒತ್ತಿದರು, ಅಲ್ಲಿಯೇ ಯಂತ್ರ ಹಚ್ಚಿದರು. ಅವನು ಎಚ್ಚೆತ್ತು ಮಾತಾಡುತ್ತ ಆಸ್ಪತ್ರೆಗೆ ಹೋದ. ಎದೆಯೊಳಗೆ ಸಣ್ಣ ಯಂತ್ರ ಇಡಿಸಿಕೊಂಡು ಮುಂದಿನ ವರ್ಷವೇ ಮತ್ತೆ ಆಡಿದ. ೨೦೧೨ರ ಮಾರ್ಚ್ ೧೭ರಂದು ಲಂಡನ್ನಿನಲ್ಲಿ ಬಿದ್ದ ಫ್ಯಾಬ್ರಿಸ್ ಮುವಾಂಬಾ ಎಂಬವನ ಹೃದಯ ೭೮ ನಿಮಿಷ ತಾನಾಗಿ ಬಡಿಯಲಿಲ್ಲ. ಆದರೂ ಅವನು ಬದುಕಿದ, ಏಕೆಂದರೆ ಅಷ್ಟು ಹೊತ್ತೂ ಕೈಗಳು ಬಿಡಲಿಲ್ಲ. ಆಟ ಮಾತ್ರ ಬಿಡಬೇಕಾಯಿತು.

ಅವರದು ಶ್ರೀಮಂತರ ಮೈದಾನ, ಅಲ್ಲಿ ವೈದ್ಯರೇ ಇರುತ್ತಾರೆ ಎನ್ನುವಿರಿ. ಸರಿ, ಹಾಗಾದರೆ ಇನ್ನೊಂದು ಉದಾಹರಣೆ ಕೇಳಿ. ಅಮೆರಿಕೆಯ ಜೂಜುಕಟ್ಟೆಗಳಲ್ಲಿ ಕಾವಲುಗಾರರಿಗೆ ಈ ಯಂತ್ರ ಕೊಟ್ಟು ಕಲಿಸಿದರು. ೨೦೦೦ದಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ವಿದ್ಯುತ್ ಹೊಡೆತದಿಂದ ಸರಿಹೋಗುವ ಬಗೆಯ ಸ್ತಂಭನವಾಗಿ ಜನರ ಕಣ್ಣೆದುರಿಗೇ ಬಿದ್ದವರಲ್ಲಿ, ಮೂರು ನಿಮಿಷದೊಳಗೆ ಹೊಡೆತ ಸಿಕ್ಕವರು ನೂರಕ್ಕೆ ೭೪ ಮಂದಿ ಬದುಕಿದರು. ತಡವಾಗಿ ಸಿಕ್ಕವರು ೪೯. ಬದುಕಿಸಿದವರು ವೈದ್ಯರಲ್ಲ, ಸಂಬಳಕ್ಕೆ ಬಾಗಿಲು ಕಾಯುವವರು. ಜೂಜಿನ ಮನೆಗೆ ಇರುವ ರಕ್ಷಣೆ ನಮ್ಮ ಆಟದ ಬಯಲಿಗೆ ಏಕಿಲ್ಲ?

ಮೊದಲೇ ಪರೀಕ್ಷಿಸಿ ತಿಳಿಯಬಾರದೆ ಎಂಬ ಪ್ರಶ್ನೆ ಏಳುತ್ತದೆ. ಇಟಲಿಯಲ್ಲಿ ೧೯೮೨ರಿಂದ ಸ್ಪರ್ಧೆಗಿಳಿಯುವವರಿಗೆಲ್ಲ ಇ.ಸಿ.ಜಿ. ಸಹಿತ ಪರೀಕ್ಷೆ ನಡೆಸಿದರು; ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ೨೦೦೪ರ ಹೊತ್ತಿಗೆ ಎಳೆಯ ಆಟಗಾರರ ಹಠಾತ್ ಸಾವು ನೂರಕ್ಕೆ ೮೯ರಷ್ಟು ಇಳಿಯಿತು. ಎಲ್ಲ ದೇಶದ ವೈದ್ಯರೂ ಇದನ್ನು ಒಪ್ಪಿಲ್ಲ. ದೋಷವಿಲ್ಲದ ಎಷ್ಟೋ ಹುಡುಗರನ್ನು ಸುಮ್ಮನೆ ಹೊರಗಿಟ್ಟಂತಾಗುತ್ತದೆಂದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ನಮ್ಮ ದೇಶದ ಅನ್ವರ್ ಅಲಿ ಎಂಬ ಫುಟ್‌ಬಾಲಿಗನಿಗೆ ೨೦೧೯ರಲ್ಲಿ ಹೃದಯದ ದೋಷ ಕಂಡುಬಂದು, ಆಟ ನಿಲ್ಲಿಸೆಂದರು. ಆಟವೇ ಅವನ ಅನ್ನ. ದೆಹಲಿಯ ಹೈಕೋರ್ಟಿನ ಮೆಟ್ಟಿಲು ಹತ್ತಿ, ಮತ್ತೆ ಆಡಿ, ೨೦೨೨ರಲ್ಲಿ ಭಾರತ ತಂಡವನ್ನೂ ಸೇರಿದ. ಪರೀಕ್ಷೆ ಬೇಕು, ಆದರೆ ಪರೀಕ್ಷೆಯಲ್ಲಿ ಸೋತವನ ಹೊಟ್ಟೆಯ ಪ್ರಶ್ನೆಗೂ ಉತ್ತರ ಬೇಕು.

ಹೊಟ್ಟೆಯ ಪ್ರಶ್ನೆ ಬಂದದ್ದರಿಂದ ಇನ್ನೊಂದು ಮಾತು. ಬಹುಮಾನಕ್ಕಾಗಿ ಓಡುವವರಿಗಿಂತ ಕೆಲಸಕ್ಕಾಗಿ ಓಡುವವರು ನಮ್ಮಲ್ಲಿ ಹೆಚ್ಚು. ೨೦೨೪ರ ಆಗಸ್ಟಿನಲ್ಲಿ ಜಾರ್ಖಂಡ್ ರಾಜ್ಯದಲ್ಲಿ ಅಬಕಾರಿ ಪೇದೆಗಳ ನೇಮಕಕ್ಕೆ ಹತ್ತು ಕಿಲೋಮೀಟರ್ ಓಟ ಇಟ್ಟರು. ಹತ್ತಕ್ಕೂ ಹೆಚ್ಚು ಯುವಕರು ಸತ್ತರು. ಬಿಸಿಲು ಕಾರಣವೋ, ಎದೆ ಕಾರಣವೋ ಎಂಬ ವಾದ ಏನೇ ಇರಲಿ, ಅವರನ್ನು ಓಡಿಸಿದ್ದು ನಿರುದ್ಯೋಗ. ನರಸಾಪುರ, ವೇಮಗಲ್ಲಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು, ಬೆಳಿಗ್ಗೆ ಪೊಲೀಸು ಕೆಲಸದ ಓಟಕ್ಕೆ ತಯಾರಿ ಮಾಡುವ ಹುಡುಗರು ಈ ಸಭೆಯಲ್ಲೂ ಇದ್ದೀರಿ. ಅಪ್ಪಾ, ಓಡುವಾಗ ಒಮ್ಮೆಯಾದರೂ ಕಣ್ಣು ಕತ್ತಲಿಟ್ಟು ಬಿದ್ದಿದ್ದರೆ, ಎದೆ ಹಿಂಡಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಅದನ್ನು ಮುಚ್ಚಿಡಬೇಡಿ. ಹೋಗಿ ಎದೆಯ ಪರೀಕ್ಷೆ ಮಾಡಿಸಿ.

೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜ್‌ಕುಮಾರ್ ೪೬ರ ವಯಸ್ಸಿನಲ್ಲಿ ತೀರಿಕೊಂಡಾಗ ಎಷ್ಟು ಜನ ಎದೆ ಮುಟ್ಟಿ ನೋಡಿಕೊಂಡೆವು! ಅವರ ಹೆಸರಿನಲ್ಲಿ ಸರ್ಕಾರ ಹೃದಯಜ್ಯೋತಿ ಯೋಜನೆ ತಂದಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ಹೃದಯಾಘಾತವನ್ನು ಬೇಗ ಗುರುತಿಸುವುದು, ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಬಿಟ್ಟಿಯಾಗಿ ಕೊಡುವುದು ಅದರ ಕೆಲಸ. ಹಾಸನದ ಸಾವುಗಳ ಗದ್ದಲವಾದ ಮೇಲೆ, ೨೦೨೫ರ ಜುಲೈಯಲ್ಲಿ, ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದೂ ಸರ್ಕಾರ ಹೇಳಿತು. ಒಳ್ಳೆಯದೇ. ಆದರೆ ಸತ್ತ ಮೇಲಿನ ವರದಿಗೆ ಮುಂಚೆ ನಡೆಯಬೇಕಾದ ಕೆಲಸ ಬಯಲಿನಲ್ಲಿದೆ.

ಪಂದ್ಯ ನಡೆಸುವವರಿಗೆ ನಮ್ಮದೊಂದು ನೇರವಾದ ಮಾತು. ಆ ಯಂತ್ರದ ಬೆಲೆ ಒಂದು ಹೊಸ ಮೋಟಾರ್ ಸೈಕಲ್ಲಿನ ಬೆಲೆಯ ಆಸುಪಾಸು. ಶಾಮಿಯಾನ, ದೀಪ, ಧ್ವನಿವರ್ಧಕ, ಗಣ್ಯರ ಹಾರ ಇವಕ್ಕೆ ಒಂದೆರಡು ಪಂದ್ಯಗಳಲ್ಲಿ ಸುರಿಯುವ ಹಣದಲ್ಲಿ ಹೋಬಳಿಗೆ ಒಂದನ್ನು ಕೊಳ್ಳಬಹುದು. ಅಂಗಡಿಯವರು ಕಪ್ಪುಗಳಿಗೆ ಕೊಡುವ ಚಂದಾವನ್ನು ಒಂದು ವರ್ಷ ಇದಕ್ಕೆ ಕೊಡಲಿ. ಪಂದ್ಯವಿದ್ದ ದಿನ ಅದು ಅಂಕಣದ ಪಕ್ಕದಲ್ಲಿರಲಿ, ಉಳಿದ ದಿನ ಬೀಗ ಹಾಕದ ಜಾಗದಲ್ಲಿರಲಿ. ಯಂತ್ರ ಬರುವ ತನಕ ಕೈಗಳಿಗೆ ಕಾಸು ಬೇಡ. ಎದೆ ಒತ್ತಲು ಬರುವ ನಾಲ್ವರು ಇಲ್ಲದೆ ಮುಂದಿನ ಪಂದ್ಯದ ಸೀಟಿ ಊದುವುದಿಲ್ಲವೆಂದು ತೀರ್ಪುಗಾರರೇ ಹಟ ಹಿಡಿಯಲಿ.

ಮಾತು ಇಷ್ಟೇ. ಬಹುಮಾನಕ್ಕೆ ಇನ್ನೂ ಅರ್ಧ ಗಂಟೆ ಇದೆ. ಆ ಮೂಲೆಯಲ್ಲಿ ನಾಲ್ಕು ಬೂಸಾ ಮೂಟೆಗಳನ್ನು ಹಾಕಿಸಿದ್ದೇವೆ, ಕಲಿಸಲು ಆರೋಗ್ಯ ಕೇಂದ್ರದ ಸಿಸ್ಟರ್ ಬಂದಿದ್ದಾರೆ. ಮೊದಲು ತೀರ್ಪುಗಾರರು ಬನ್ನಿ, ಆಮೇಲೆ ಎರಡೂ ತಂಡದವರು. ತಾಯಂದಿರೂ ಹಿಂದೆ ನಿಲ್ಲಬೇಡಿ, ಮುಂದೆ ಬನ್ನಿ.