ಕಾರಿನ ಅಲಾರಂ, ಹಾಡಿನ ಪೆಟ್ಟಿಗೆ: ಫ್ಯೂಸ್ ಎಲ್ಲಿರಬೇಕು?



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮಲ್ಲಿ ಹಲವರು ಕೆಲಸಕ್ಕೆ ಹೋಗುವುದು ಲೋಕಲ್ ಗಾಡಿಯಲ್ಲಿ. ಕಾರು ವಾರವಿಡೀ ಮನೆಯ ಮುಂದೆ ನಿಂತಿರುತ್ತದೆ. ಅದರ ಅಲಾರಂ ಮಾತ್ರ ಎಚ್ಚರವಾಗಿರುತ್ತದೆ. ಅದು 50 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚು. 35 ಆಂಪಿಯರ್-ಗಂಟೆಯ ಬ್ಯಾಟರಿ ಹದಿನೈದು ದಿನಗಳಲ್ಲಿ ಅರ್ಧ ಬರಿದಾಗುತ್ತದೆ. ಆದ್ದರಿಂದ ಅಲಾರಂ ಕೂಡಿಸಿದ ದಿನವೇ ಮೀಟರಿನಿಂದ ಅಳೆಯಿಸಿರಿ.

ಹಾಡಿನ ಆಂಪ್ಲಿಫಯರಿನದು ಇದಕ್ಕಿಂತ ದೊಡ್ಡ ಮಾತು. ಅದರ ದಪ್ಪ ತಂತಿ ನೇರವಾಗಿ ಬ್ಯಾಟರಿಯಿಂದ ಬರುತ್ತದೆ. ಫ್ಯೂಸನ್ನು ಆಂಪ್ಲಿಫಯರಿನ ಬಳಿ ಮಾತ್ರ ಇಟ್ಟರೆ ಸಾಲದು. ಬ್ಯಾಟರಿಯಿಂದ ಒಂದು ಮೊಳದೊಳಗೆ ಒಂದು ಇರಲೇಬೇಕು. ಏಕೆಂದರೆ ಅದು ಕಾಯುವುದು ತಂತಿಯನ್ನು. ತಗಡಿನ ತೂತಿನ ಅಂಚಿಗೆ ಉಜ್ಜಿ ಹೊದಿಕೆ ಹರಿದರೆ, ಫ್ಯೂಸಿಲ್ಲದ ತಂತಿ ಕೆಂಡವಾಗುತ್ತದೆ. ಒಳಗೆ ನಮ್ಮ ಮಕ್ಕಳೇ ಕುಳಿತಿರಬಹುದು. ತೂತಿಗೆ ರಬ್ಬರಿನ ಬಳೆ ಹಾಕಿಸಿರಿ.

ಇಲ್ಲಿಯ ಮಳೆ ನಾಲ್ಕು ತಿಂಗಳಿನದು. ತೂತಿನ ಮುಂಚೆ ತಂತಿಯನ್ನು ಕೆಳಕ್ಕೆ ಬಾಗಿಸಿದರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸೈರನ್ನಿನ ಬಾಯಿ ನೆಲದತ್ತ ಇರಲಿ.

ಕೂಲಿ ಉಳಿಯಿತೆಂದು ಫ್ಯೂಸ್ ಬಿಡಿಸದಿರೋಣ. ಈ ಕಸುಬಿನಲ್ಲಿರುವ ನಮ್ಮ ತರುಣರು, ಗಿರಾಕಿ ಬೇಡವೆಂದರೂ, ಅದನ್ನು ಹಾಕದೆ ಕಾರು ಬಿಟ್ಟುಕೊಡದಿರಲಿ.